ಸುಳಿ ನೋಡಿ ಬೈಕು ಕೊಂಡದ್ದು

"ರಾತ್ರಿ ಒಂದೂವರೆ ಗಂಟೇಲಿ ನಿಮ್ಮ ಮನೇಲಿ ಲೈಟು ಉರೀತಿತ್ತಲ್ಲ ಮೇಷ್ಟ್ರೇ, ಎಲ್ಲಾ ಕ್ಷೇಮ ತಾನೆ?"

ನಮ್ಮ ಕಾಂಪೌಂಡು ಗೋಡೆ ನಾಲ್ಕಡಿ ಎತ್ತರ. ಅದರಾಚೆ ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದವರು ಮಂಡಿ ಯಜಮಾನರು. ಟೊಮೆಟೊ ಮಂಡಿಯನ್ನು ಮಗನ ಕೈಗೆ ಕೊಟ್ಟು ಎರಡು ವರ್ಷವಾದರೂ ಹರಾಜಿನ ಹೊತ್ತಿಗೆ ಎಚ್ಚರವಾಗುವ ಚಾಳಿ ಅವರನ್ನು ಬಿಟ್ಟಿಲ್ಲ. ಮೊದಲು ಬಾಕ್ಸುಗಳ ಲೆಕ್ಕ ಇಡುತ್ತಿದ್ದರು, ಈಗ ಬೀದಿಯ ದೀಪಗಳ ಲೆಕ್ಕ ಇಡುತ್ತಾರೆ. ಯಾರ ಮನೆಯಲ್ಲಿ ಎಷ್ಟು ಹೊತ್ತಿಗೆ ಉರಿಯಿತು, ಎಷ್ಟು ಹೊತ್ತಿಗೆ ಆರಿತು ಎಲ್ಲಾ ಬಾಯಿಪಾಠ.

"ಕ್ಷೇಮವೇ. ನಮ್ಮ ತಂಗಿ ಮಗ ಡಲ್ಲಾಸಿಂದ ಫೋನ್ ಮಾಡಿದ್ದ. ಅಲ್ಲಿ ಮಧ್ಯಾಹ್ನ ಮೂರು ಗಂಟೆಯಂತೆ."

"ಮದುವೆಗೆ ಒಪ್ಪಿದನಾ?"

"ಅದಕ್ಕಲ್ಲ. ಬೈಕ್ ನೋಡಬೇಕಂತೆ. ಸೆಕೆಂಡ್ ಹ್ಯಾಂಡು. ಟೂರಿಂಗ್ ಬೈಕು."

ಯಜಮಾನರು ಬೇವಿನಕಡ್ಡಿ ಬಾಯಿಂದ ತೆಗೆದರು. ಅವರು ಹಾಗೆ ತೆಗೆದರೆ ವಿಷಯ ಗಂಭೀರವಾಗಿದೆ ಎಂದರ್ಥ.

"ಟೂರಿಂಗ್ ಬೈಕ್ ಅಂದ್ರೆ ಏನು? ಬೇರೆ ಬೈಕು ಓಡಲ್ವಾ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ದೂರದ ದಾರಿಗೆ ಮಾಡಿದ ಗಾಡಿ. ಟ್ಯಾಂಕು ದೊಡ್ಡದು, ಹದಿನೈದು ಲೀಟರ್ ಹಿಡಿಯುತ್ತದೆ. ಹಿಂದುಗಡೆ, ಪಕ್ಕದಲ್ಲಿ ಸಾಮಾನು ಕಟ್ಟಲು ಕಂಬಿ ಇರುತ್ತದೆ. ಬೆನ್ನು ಬಗ್ಗಿಸದೆ ಕೂರಬಹುದು. ಕಲ್ಲುಗುಂಡಿಯ ರಸ್ತೆಯಲ್ಲಿ ಹೋದರೂ ಸೊಂಟ ಉಳಿಯುತ್ತದೆ. ರಾಯಲ್ ಎನ್‌ಫೀಲ್ಡ್‌ನವರು 2016ರಲ್ಲಿ ಹಿಮಾಲಯನ್ ಅಂತ ಒಂದು ಬಿಟ್ಟರು, 411 ಸಿಸಿ ಎಂಜಿನ್ನು. ಹುಡುಗನಿಗೆ ಅದೇ ಬೇಕಂತೆ. ಡಿಸೆಂಬರಿನಲ್ಲಿ ಆರು ವಾರ ರಜೆ ಹಾಕಿ ಬರುತ್ತಾನೆ, ಇಲ್ಲಿಂದ ಗಂಡಿಕೋಟೆ, ಹಂಪಿ, ಕನ್ಯಾಕುಮಾರಿ ಅಂತ ಸುತ್ತುತ್ತಾನೆ, ಹೋಗುವಾಗ ಮಾರಿ ಹೋಗುತ್ತಾನೆ. ದೆಹಲಿಯ ಕರೋಲ್‌ಬಾಗ್‌ನಲ್ಲಿ ವಿದೇಶಿಯರು ಹಳೇ ಬುಲೆಟ್ ಕೊಂಡು, ದೇಶ ಸುತ್ತಿ, ಬಂದು ಅಲ್ಲೇ ಮಾರಿ ವಿಮಾನ ಹತ್ತುತ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ. ಆ ವಿದೇಶಿಯರು ಕರೋಲ್‌ಬಾಗಿಗೆ ತಾವೇ ಬಂದು ಗಾಡಿ ಮುಟ್ಟಿ ನೋಡುತ್ತಾರೆ. ನಮ್ಮ ಸ್ವದೇಶಿ ಡಲ್ಲಾಸಿನಲ್ಲಿ ಕೂತು ಫೋಟೋ ನೋಡುತ್ತಾನೆ.

"ಸಾಮಾನು ಕಟ್ಟೋಕೆ ಕಂಬಿ, ದೂರದ ದಾರಿ," ಯಜಮಾನರು ಬೆರಳು ಮಡಿಚಿದರು. "ಅಂಗಾದ್ರೆ ನಮ್ಮ ಕಡೆ ಟಿವಿಎಸ್ ಎಕ್ಸೆಲ್ಲೇ ಟೂರಿಂಗ್ ಬೈಕು. ಮುಂದೆ ಒಂದು ಬಾಕ್ಸು, ಹಿಂದೆ ಮೂರು ಬಾಕ್ಸು. ಬಾಕ್ಸಿಗೆ ಹದಿನೈದು ಕೆಜಿ. ಮೇಲೆ ರೈತ, ಅವನ ಮೇಲೆ ಸಾಲ. ದಿನಾ ಮಂಡಿಗೆ ಬರ್ತಿರಲಿಲ್ವಾ? ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಓಗಿ ನೋಡಿ, ಒಂದೊಂದು ಎಕ್ಸೆಲ್ ಮೇಲೆ ಮನೆ ಎತ್ತರ ರೇಷ್ಮೆಗೂಡು."

"ಅದು ಹೊಟ್ಟೆಪಾಡು ಯಜಮಾನರೇ. ಇದು ಶೋಕಿ."

"ಕೈವಾರದಲ್ಲಿ ಭೀಮಸೇನ ಬಕಾಸುರನಿಗೆ ಒಂದು ಬಂಡಿ ಅನ್ನ ಏರಿಕೊಂಡು ಹೊರಟನಲ್ಲ, ಅದು ಯಾವುದು? ಓಗೋವಾಗ ಹೊಟ್ಟೆಪಾಡು, ಬರೋವಾಗ ಶೋಕಿ. ಈ ಸೀಮೇಲಿ ಮೊದಲ ಲಗೇಜ್ ಟೂರು ಅದೇ ಅಲ್ವಾ?"

ಕೈವಾರವೇ ಮಹಾಭಾರತದ ಏಕಚಕ್ರಪುರ ಎಂದು ನಂಬಿರುವ ಊರಿನವರ ಮುಂದೆ ನಾನು ವಾದಿಸುವುದಿಲ್ಲ.

ಹುಡುಗನ ಮೊದಲ ಆಲೋಚನೆ ಇನ್ನೂ ದೊಡ್ಡದಿತ್ತು. ಅಮೆರಿಕದಲ್ಲೇ ಒಂದು ಹಳೇ ಗಾಡಿ ಕೊಂಡು ಹಡಗಿಗೆ ಹಾಕಿಸಿ ಚಿಂತಾಮಣಿಗೆ ತರಿಸುವುದು! ಅದರ ಕಾನೂನನ್ನೂ ಓದಿ ಹೇಳಿದ. ಹೊರದೇಶದಿಂದ ಹಳೇ ಗಾಡಿ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು, ಮುಂಬೈ ಬಂದರಿನ ಮೂಲಕ ಮಾತ್ರ ಬರಬೇಕು, ಸುಂಕ ಬೇರೆ ಕಟ್ಟಬೇಕು. ಕೇಳಿ ಯಜಮಾನರಿಗೆ ನಗು ತಡೆಯಲಿಲ್ಲ.

"ಮೂರು ವರ್ಷ ಮೀರಿದ್ದು ದೇಶದೊಳಕ್ಕೆ ಬರಬಾರದಾ? ನಮ್ಮ ಬೀದೀಲಿ ಮೂವತ್ತು ವರ್ಷದ್ದು ಹಾಲಿನ ಕ್ಯಾನು ಕಟ್ಕೊಂಡು ಓಡ್ತಾ ಐತೆ!"

"ತಾತ್ಕಾಲಿಕವಾಗಿ ತರೋಕೆ ಇನ್ನೊಂದು ದಾರಿ ಇದೆ. ಕಾರ್ನೆಟ್ ಅಂತ ಒಂದು ಪುಸ್ತಕ, ಗಾಡಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಪ್ರತಿ ಗಡಿಯಲ್ಲೂ ಮುದ್ರೆ ಒತ್ತಿಸಬೇಕು. ನಮ್ಮ ಹುಬ್ಬಳ್ಳಿಯ ಹುಡುಗಿ ಕ್ಯಾಂಡಿಡಾ ಲೂಯಿಸ್ ಬೆಂಗಳೂರಿಂದ ಆಸ್ಟ್ರೇಲಿಯಾದ ಸಿಡ್ನಿವರೆಗೂ ಬಜಾಜ್ ಡಾಮಿನಾರ್ ಓಡಿಸಿದಳಲ್ಲ, ಅಂಥ ಪ್ರಯಾಣಕ್ಕೆ ಅದು ಬೇಕು. ಆದರೆ ಕಾರ್ನೆಟ್ಟಿನಲ್ಲಿ ಬಂದ ಗಾಡಿ ವಾಪಸ್ ಹೋಗಲೇಬೇಕು."

"ಹುಡುಗನೇ ವಾಪಸ್ ಓಗ್ತಾನೆ. ಗಾಡಿಯಾದ್ರೂ ಇಲ್ಲಿರಲಿ ಬಿಡಿ," ಎಂದು ಯಜಮಾನರು ತೀರ್ಪು ಕೊಟ್ಟರು. ಆಮೇಲೆ ಸ್ವಲ್ಪ ತಡೆದು, "ಜಾವಾ ನೋಡಬಾರದಾ?" ಎಂದರು.

ಜಾವಾ ಎಂದ ಕೂಡಲೇ ಅವರ ಬೆನ್ನು ನೆಟ್ಟಗಾಗುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರೇ ಉದ್ಘಾಟಿಸಿದ್ದು ಎಂಬುದರಿಂದ ಶುರುವಾಗಿ, ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತೆಂಬ ಚಮತ್ಕಾರದವರೆಗೆ ಎಲ್ಲವೂ ಬಂತು. ಜಾವಾ ಎನ್ನುವ ಹೆಸರು ಯಾನೆಚೆಕ್ ಎಂಬ ಚೆಕ್ ದೇಶದವನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳನ್ನೂ ಸೇರಿಸಿ ಮಾಡಿದ್ದು ಅಂತ ನಾನು ಮೇಷ್ಟ್ರಗಿರಿ ತೋರಿಸಿದೆ. ಯಜಮಾನರು ಕೇಳಿಸಿಕೊಳ್ಳಲಿಲ್ಲ. ಮುಂದೆ ಅದೇ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ನಿಂತಿತು, ಈಗ ಅದೇ ಹೆಸರುಗಳನ್ನು ಬೇರೆಯವರು ತಂದು ಹೊಸ ಗಾಡಿ ಬಿಟ್ಟಿದ್ದಾರೆ. ಯಜಮಾನರ ಮನಸ್ಸು ಅದಾವುದರಲ್ಲೂ ಇರಲಿಲ್ಲ. ಅಪ್ಪನ ಹತ್ತಿರ ಹೋಗಿತ್ತು.

"ನಮ್ಮಪ್ಪ ಹಳ್ಳಿಕಾರ್ ಜೋಡಿ ಮಾರಿ ಜಾವಾ ತಗೊಂಡ ಕತೆ ನಿಮಗೆ ಹೇಳಿದ್ದೀನಾ?"

ಹೇಳಿದ್ದರು, ನಾಲ್ಕು ಸಲ. ಆದರೂ ಆವತ್ತಿನ ಕೆಲಸಕ್ಕೆ ಆ ಕತೆ ಬೇಕಾಗಿತ್ತು. ಇಲ್ಲ ಎಂದೆ.

ಅವರ ಅಪ್ಪ ಎತ್ತಿನ ಗಿರಾಕಿ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ತಪ್ಪಿಸಿದವರಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟಾದರೆ ಬಾಯಿ ಕೂಡಿತು. ಆಮೇಲೆ ಮೈ ಸವರಿ ಸುಳಿ ನೋಡುವುದು. ನಡೆಸಿ ನೋಡುವುದು. ಕೊನೆಗೆ ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿದು ಬೆಲೆ ಕೂಡಿಸುವುದು. ಅಂಥವರು ಕೋಲಾರದಲ್ಲಿ ಯಾರದೋ ಹಳೇ ಜಾವಾ ನೋಡಲು ಹೋದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಾರುವವನನ್ನು ಕೇಳಿದರಂತೆ: "ಎಷ್ಟು ಹಲ್ಲು?"

ನೆರೆದವರೆಲ್ಲ ನಕ್ಕರು. ಜೊತೆಗಿದ್ದ ಮೆಕ್ಯಾನಿಕ್ ಒಬ್ಬ ಮಾತ್ರ ನಗಲಿಲ್ಲ. ಜಾವಾದ ಚೈನು ಪೂರ್ತಿ ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತದೆ. ಅವನು ಆ ಕವರ್ ಬಿಚ್ಚಿದ. ಒಳಗೆ ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಕುಡುಗೋಲಿನ ಹಾಗೆ ಬಾಗಿದ್ದವು. ಅಪ್ಪ ಬಗ್ಗಿ ನೋಡಿ, "ಇದು ಬಾಯಿ ಕೂಡಿ ಕಾಲವಾಗೈತೆ" ಎಂದರಂತೆ. ಅಲ್ಲೇ ಬೆಲೆ ಇನ್ನೂರು ರೂಪಾಯಿ ಇಳಿಯಿತು.

"ಅಷ್ಟೇ ಅಲ್ಲ ಮೇಷ್ಟ್ರೇ. ನಮ್ಮಪ್ಪನದೊಂದು ರೂಲು ಇತ್ತು. ಹಗ್ಗ ಕೈ ಬದಲಾಗೋ ಮುಂಚೆ ಸುಳಿ ಹೇಳಬೇಕು. ಹಾಯ್ತದಾ, ಒದೀತದಾ, ಎಡಕ್ಕೆ ಹೂಡಿದ್ರೆ ಎಳೆಯಲ್ವಾ, ಎಲ್ಲಾ ಮಾರೋನು ಬಾಯಿಬಿಟ್ಟು ಹೇಳಬೇಕು. ಹೇಳದೆ ಹಗ್ಗ ಕೊಟ್ಟರೆ ಪಾಪ ಮಾರಿದವನ ಮನೆಗೇ."

"ಎಲ್ಲರೂ ಅಷ್ಟು ಸತ್ಯವಂತರಾ ಆಗ?"

"ಸತ್ಯ ಗಿತ್ಯ ಏನಿಲ್ಲ. ಮುಂದಿನ ವರ್ಷ ಅದೇ ಘಾಟಿ ಜಾತ್ರೇಲಿ ಅದೇ ಮರದ ಕೆಳಗೆ ಅದೇ ಮುಖ ನೋಡಬೇಕಾಗಿತ್ತಲ್ಲ!"

ಈ ಮಾತು ನನ್ನ ತಲೆಯಲ್ಲಿ ನಿಂತಿತು. ಹಳೇ ಸಾಮಾನಿನ ವ್ಯಾಪಾರದಲ್ಲಿ ನಂಬಿಕೆ ಅನ್ನುವುದು ಬೇರೇನೂ ಅಲ್ಲ, ಮತ್ತೆ ಮುಖ ನೋಡಬೇಕಾದೀತು ಎಂಬ ಭಯ. ಡಲ್ಲಾಸಿನಲ್ಲಿರುವವನ ಮುಖವನ್ನು ಯಾವ ವ್ಯಾಪಾರಿ ಯಾವ ಜಾತ್ರೆಯಲ್ಲಿ ನೋಡಬೇಕು?

*

ಮೊದಲ ಗಾಡಿಯನ್ನು ಹುಡುಗನೇ ಆರಿಸಿದ್ದ. ಹೊಸಕೋಟೆ ದಾಟಿದ ಮೇಲೆ ಸಿಗುವ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿ. ಫೋಟೋದಲ್ಲಿ ಗಾಡಿ ಸೂರ್ಯಾಸ್ತದ ಮುಂದೆ ನಿಂತಿತ್ತು. ನಾನು, ಯಜಮಾನರು, ಚೇಳೂರು ರಸ್ತೆಯ ಮೆಕ್ಯಾನಿಕ್ ಭಾಯ್ ಮೂವರೂ ಯಜಮಾನರ ಮಗನ ಕಾರಿನಲ್ಲಿ ಹೊರಟೆವು. ಭಾಯ್ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ: "ಸಾರ್, ನಾವು ಬರ್ತೀವಿ ಅಂತ ಅಂಗಡಿಯವರಿಗೆ ಫೋನ್ ಮಾಡಿಲ್ಲ ತಾನೆ?" ಮಾಡಿದ್ದೆ. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಹೇಳದೆ ಯಾರ ಬಾಗಿಲಿಗೂ ಹೋದವನಲ್ಲ.

ಹತ್ತು ಗಂಟೆಗೆ ತಲುಪಿದೆವು. ಭಾಯ್ ಗಾಡಿಗೆ ನಮಸ್ಕಾರ ಮಾಡುವವನ ಹಾಗೆ ಕೂತು ಎಂಜಿನ್ನಿಗೆ ಅಂಗೈ ತಾಕಿಸಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡ. "ಬಿಸಿ ಇದೆ ಸಾರ್. ಬೆಳಗ್ಗೆನೇ ಎಬ್ಬಿಸಿ ಕೂರಿಸಿದ್ದಾರೆ." ತಣ್ಣಗಿರುವ ಎಂಜಿನ್ನು ಮೊದಲ ಸಲ ಸ್ಟಾರ್ಟ್ ಆಗುವಾಗ ಕಾಯಿಲೆಯೆಲ್ಲ ಹೊರಗೆ ಬರುತ್ತದಂತೆ. ಟಪ್ಪೆಟ್ ಸದ್ದು, ನೀಲಿ ಹೊಗೆ, ಹಿಡಿಯದೆ ಹಟ ಮಾಡುವುದು, ಎಲ್ಲ. ಬಿಸಿ ಮಾಡಿಟ್ಟರೆ ಕೆಮ್ಮು ನಿಂತ ಮೇಲೆ ಡಾಕ್ಟರ ಮುಂದೆ ಕೂರಿಸಿದ ಹಾಗೆ.

ಮೀಟರಿನಲ್ಲಿ 9,800 ಕಿಲೋಮೀಟರ್. "ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ್ದು," ಎಂದ ಅಂಗಡಿಯ ಹುಡುಗ. ಯಜಮಾನರು ಅಷ್ಟರಲ್ಲಿ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು. ಹಿಮಾಲಯನ್ ಚೈನು ತೆರೆದೇ ಇರುತ್ತದೆ, ಬಾಯಿ ಬಿಡಿಸುವ ಕಷ್ಟವಿಲ್ಲ. "ಮೇಷ್ಟ್ರೇ, ಡಾಕ್ಟರಿಗೆ ವಯಸ್ಸಾಗೈತೆ," ಎಂದು ಬೆರಳು ತೋರಿಸಿದರು. ಹಲ್ಲುಗಳು ಕೊಕ್ಕೆಯಾಗಿದ್ದವು. ಕಾಲಿಡುವ ರಬ್ಬರು ನುಣ್ಣಗಾಗಿತ್ತು. ಭಾಯ್ ಟೈರಿನ ಮೇಲೆ ಉಗುಳು ಹಚ್ಚಿ ಉಜ್ಜಿದ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನ ಟೈರಿನಲ್ಲಿ 1117 ಅಂತಿತ್ತು. ಅಂದರೆ 2017ರ ಹನ್ನೊಂದನೇ ವಾರ. ಗಾಡಿ 2021ರ ಮಾಡೆಲ್ಲು! ಗಾಡಿಗಿಂತ ಟೈರು ನಾಲ್ಕು ವರ್ಷ ಮೊದಲೇ ಹುಟ್ಟಿತ್ತು.

ಇಷ್ಟಾದರೂ ಹುಡುಗನ ಸಮಾಧಾನಕ್ಕೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದೂವರೆ. ನಿದ್ದೆಗಣ್ಣಿಗೆ ಯಾವ ಗಾಡಿಯಾದರೂ ಚೆನ್ನಾಗಿಯೇ ಕಾಣುತ್ತದೆ.

"ಮಾವ, ಸೂಪರ್ ಆಗಿದೆ! ಎಂಜಿನ್ ಸೌಂಡ್ ಸ್ವಲ್ಪ ಕೇಳಿಸಿ."

ಭಾಯ್ ಸ್ಟಾರ್ಟ್ ಮಾಡಿದ. ಎಂಜಿನ್ನಿನ ಒಳಗೆ ಯಾರೋ ಲೋಟ ತಟ್ಟೆ ತೊಳೆಯುತ್ತಿದ್ದ ಹಾಗೆ ಸದ್ದು. ನಾನು ಫೋನನ್ನು ಹತ್ತಿರ ಹಿಡಿದೆ. ಹುಡುಗ ಕಿವಿಗೊಟ್ಟು ಕೇಳಿದ.

"ಮಾವ, ಏನೂ ಸದ್ದೇ ಇಲ್ಲ! ಎಷ್ಟು ಸ್ಮೂತ್ ಆಗಿದೆ!"

ನಮಗೆ ಮೂವರಿಗೂ ದಿಗಿಲಾಯಿತು. ಆಮೇಲೆ ಗೊತ್ತಾಯಿತು, ಈ ಫೋನುಗಳು ಮನುಷ್ಯರ ಮಾತನ್ನು ಮಾತ್ರ ಕಳಿಸುತ್ತವಂತೆ, ಹಿಂದಿನ ಗಲಾಟೆಯನ್ನು ಸೋಸಿ ಬಿಸಾಡುತ್ತವಂತೆ. ಗಾಡಿಯ ರೋಗವೆಲ್ಲ ಗಲಾಟೆಯ ಲೆಕ್ಕಕ್ಕೆ ಹೋಗಿ, ಅಂಗಡಿಯವನ ಹೊಗಳಿಕೆ ಮಾತ್ರ ಏಳು ಸಮುದ್ರ ದಾಟಿತ್ತು. ಹಳೇ ಗಾಡಿ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಯಂತ್ರವನ್ನು ಯಾರೂ ಕಂಡುಹಿಡಿದಿರಲಾರರು.

ಹೊಸಕೋಟೆಯಲ್ಲಿ ದೋಸೆ ತಿಂದು ಬರಿಗೈಲಿ ವಾಪಸಾದೆವು. ಹುಡುಗನಿಗೆ ಎರಡು ದಿನ ನನ್ನ ಮೇಲೆ ಮುನಿಸು.

*

ಎರಡನೆಯ ಗಾಡಿ ಸಿಕ್ಕಿದ್ದು ಭಾಯ್ ಕಡೆಯಿಂದ. ಕೈವಾರದ ಹತ್ತಿರದ ಹಳ್ಳಿ, ಕೆಎ 67 ನಂಬರು, ಅಂದರೆ ನಮ್ಮ ಚಿಂತಾಮಣಿಯದೇ ನೋಂದಣಿ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಹುಡುಗ, ಮದುವೆ ಗೊತ್ತಾಗಿತ್ತು, ಕಾರಿಗೆ ದುಡ್ಡು ಹೊಂದಿಸುತ್ತಿದ್ದ. ಈ ಸಲ ಹೇಳದೆ ಹೋದೆವು. ಗಾಡಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಹೊತ್ತು ಆಗಷ್ಟೇ ತೋಟದಿಂದ ಬಂದು ನಿಂತಿತ್ತು. ಹಿಮಾಲಯಕ್ಕೆಂದು ಮಾಡಿದ ಕಂಬಿಗೆ ರೇಷ್ಮೆಹುಳುವಿನ ಊಟ ಕಟ್ಟಿತ್ತು. ಯಜಮಾನರು ನನ್ನನ್ನು ಮೊಣಕೈಯಿಂದ ತಿವಿದರು: "ನೋಡಿ, ಎಕ್ಸೆಲ್ಲಿನ ಅಣ್ಣ."

ಎಂಜಿನ್ನು ಬಿಸಿಯಿತ್ತು, ಆದರೆ ಕಾರಣ ಕಣ್ಣೆದುರಿಗಿತ್ತು. ಆರುವವರೆಗೆ ಕಾಯೋಣ ಎಂದ ಭಾಯ್. ಕಾಫಿ ಬಂತು. ಆ ಹುಡುಗ ಕೇಳುವ ಮೊದಲೇ ಶುರು ಮಾಡಿದ.

"ಸಾರ್, ಒಂದ್ಸಲ ಬಿದ್ದಿದ್ದೀನಿ. ಎಡಗಡೆ ಗಾರ್ಡು ಬಗ್ಗಿದೆ, ನೋಡಿ. ಹ್ಯಾಂಡಲ್ ಹತ್ರ ಕೋನ್ ಸೆಟ್ ಒಂದ್ಸಲ ಹಾಕಿಸಿದ್ದೀನಿ, ಇನ್ನೊಂದ್ಸಲ ಬೇಕಾಗುತ್ತೆ. ಮುಂದಿನ ಫೋರ್ಕಲ್ಲಿ ಎಣ್ಣೆ ಜಿನುಗ್ತಿದೆ. ಲಡಾಖ್‌ಗೆ ಹೋಗಿ ಬಂದಿದೆ. ಮೀಟರು 31,240, ಅದು ಅಸಲಿ."

ಯಜಮಾನರು ನನ್ನ ಮುಖ ನೋಡಿದರು. ಹಗ್ಗ ಕೇಳುವ ಮೊದಲೇ ಸುಳಿ ಹೇಳಿಯಾಗಿತ್ತು. ಲಡಾಖಿನ ಮಾತು ಬಂದಾಗ ಆ ಹುಡುಗನ ಕೈ ಟ್ಯಾಂಕಿನ ಮೇಲಿತ್ತು. ಅಪ್ಪ ಎತ್ತು ಮಾರುವ ದಿನ ಅದರ ಗಂಗೆದೊಗಲು ಸವರುತ್ತಿದ್ದದ್ದೂ ಹೀಗೇ ಎಂದು ಯಜಮಾನರು ಆಮೇಲೆ ಹೇಳಿದರು.

ಎಂಜಿನ್ನು ತಣಿಯಿತು. ಭಾಯ್ ಸ್ಟಾರ್ಟ್ ಮಾಡಿದ, ಕಣ್ಣು ಮುಚ್ಚಿ ಕೇಳಿದ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಗೆ ತಾಳೆ ನೋಡಿದ. ಕೊನೆಗೆ ತಲೆ ಅಲ್ಲಾಡಿಸಿದ. ಇನ್ನು ಬೆಲೆ. ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಮುಂದೆ ಚಾಚಿದರು. ಹುಡುಗ ಕಕ್ಕಾಬಿಕ್ಕಿಯಾದ. ಕೈ ಒರೆಸಿಕೊಳ್ಳಬೇಕೇನೋ ಅಂದುಕೊಂಡು ಒರೆಸಿಕೊಂಡ.

ಆಗ ಜಗಲಿಯ ಮೂಲೆಯಲ್ಲಿ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಅವನ ತಾತ ಎದ್ದರು. ನಡುಗುವ ಕೈಯನ್ನು ಟವೆಲ್ಲಿನ ಕೆಳಗೆ ತೂರಿಸಿದರು. ಇಬ್ಬರು ಮುದುಕರೂ ಬೇರೆ ಬೇರೆ ದಿಕ್ಕು ನೋಡುತ್ತಾ ನಿಂತರು. ಟವೆಲ್ ಕೆಳಗೆ ಬೆರಳುಗಳು ಆಡುತ್ತಿದ್ದವು. ನನ್ನ ಫೋನಿನಲ್ಲಿ ಡಲ್ಲಾಸಿನ ಹುಡುಗ ಒಂದೇ ಸಮನೆ ಕೇಳುತ್ತಿದ್ದ: "ಮಾವ, ಏನಾಗ್ತಿದೆ? ಟವೆಲ್ ಯಾಕೆ? ನೆಟ್‌ವರ್ಕ್ ಹೋಯ್ತಾ? ಯಾರೂ ಯಾಕೆ ಮಾತಾಡ್ತಿಲ್ಲ?"

ಒಮ್ಮೆ ತಾತ ಮಾತ್ರ ಬಾಯಿಬಿಟ್ಟರು. "ಬೆರಳಿಗೆ ನೂರಾ, ಸಾವಿರಾನಾ?"

"ಕಾಲ ಕೆಟ್ಟೈತೆ ತಾತ, ಸಾವಿರ."

ತಾತ ಒಂದು ಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡು, ಆ ಅಂಕಿಯನ್ನು ಜೀರ್ಣಿಸಿಕೊಂಡು, ಮತ್ತೆ ತೂರಿಸಿದರು. ಬೆಲೆ ಕೂಡಿತು. ಲಕ್ಷದ ಮೇಲೆ ಎಷ್ಟು ಎಂಬುದು ಟವೆಲ್ಲಿನೊಳಗೇ ಇರಲಿ. ಎತ್ತಿನ ವ್ಯಾಪಾರದಲ್ಲಿ ಮೂರನೆಯವರು ಬೆಲೆ ಕೇಳಬಾರದು.

*

ಎತ್ತಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಗ್ಗ ಹಿಡಿದು ಹೊರಟರೆ ಎತ್ತು ನಮ್ಮದು. ಗಾಡಿಗೆ ಹಾಗಲ್ಲ. ಹಗ್ಗ ನಮ್ಮ ಕೈಲಿದ್ದರೂ ಕಾಗದದಲ್ಲಿ ಹೆಸರು ಬದಲಾಗುವವರೆಗೆ ಯಜಮಾನ ಹಳಬನೇ. ಮಾರಿದವನು ಹದಿನಾಲ್ಕು ದಿನದಲ್ಲಿ ಫಾರಂ 29 ಕೊಡಬೇಕು, ಕೊಂಡವನು ಮೂವತ್ತು ದಿನದಲ್ಲಿ ಫಾರಂ 30 ಹಾಕಬೇಕು. ಕೈಯಿಂದ ಕೈಗೆ ನಾಲ್ಕು ಸಲ ಮಾರಾಟವಾದ ಗಾಡಿ ಅಪಘಾತ ಮಾಡಿದ ಕೇಸೊಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2018ರಲ್ಲಿ ತೀರ್ಪು ಬಂತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆ, ಗಾಡಿ ಮಾರಿ ಎಷ್ಟು ಕಾಲವಾಗಿದ್ದರೂ ಸರಿ. ಇದನ್ನು ಹೇಳಿದಾಗ ಯಜಮಾನರಿಗೆ ಮೈ ಜುಮ್ಮೆಂದಿತು. "ಅಂದ್ರೆ ನಾವು ಕೈವಾರದಿಂದ ಬರೋ ದಾರೀಲಿ ಯಾರಿಗಾದ್ರೂ ಗುದ್ದಿದ್ರೆ ಆ ಮದುವೆ ಹುಡುಗ ಕೋರ್ಟಿಗೆ ಓಗಬೇಕಿತ್ತಾ?" ಮಾರನೆಯ ದಿನವೇ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದರು.

ಕಷ್ಟ ಎಲ್ಲಿ ಬಂತೆಂದರೆ, ಕೊಂಡವನು ಯಾರು ಎಂಬಲ್ಲಿ. ಅಳಿಯನ ಹೆಸರಿಗೆ ಮಾಡಿಸಬೇಕಾದರೆ ಆಧಾರಿಗೆ ಒಟಿಪಿ ಬರಬೇಕು. ಆಧಾರಿಗೆ ಜೋಡಿಸಿದ ಸಿಮ್ಮು ಅವನು ಅಮೆರಿಕಕ್ಕೆ ಹೋದ ಎರಡನೇ ವರ್ಷವೇ ರೀಚಾರ್ಜ್ ಇಲ್ಲದೆ ಸತ್ತಿತ್ತು. ಆ ನಂಬರು ಈಗ ಯಾರ ಬಳಿ ಇದೆಯೋ, ಆ ಪುಣ್ಯಾತ್ಮನಿಗೆ ನಮ್ಮ ಹಿಮಾಲಯನ್ ಸೇರಿದರೂ ಸೇರಬಹುದಿತ್ತು. ಹ್ಯೂಸ್ಟನ್ನಿನ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿಗೆ ಮುದ್ರೆ ಹಾಕಿಸಿ ಕಳಿಸು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟೋಣ ಎಂದೆ. ಡಲ್ಲಾಸಿಂದ ಹ್ಯೂಸ್ಟನ್ನಿಗೆ ನಾಲ್ಕು ಗಂಟೆಯ ದಾರಿ ಮಾವ ಎಂದ. ಕನ್ಯಾಕುಮಾರಿಗೆ ಹೋಗಲು ಹೊರಟವನಿಗೆ ನಾಲ್ಕು ಗಂಟೆ ದೂರವಾಯಿತು.

"ನಿಮ್ಮ ಹೆಸರಿಗೇ ಮಾಡಿಸಿಬಿಡಿ ಮಾವ."

ಹೀಗೆ ಅರವತ್ತಮೂರನೇ ವಯಸ್ಸಿನಲ್ಲಿ, ಸೈಕಲ್ಲು ಮತ್ತು ಒಂದು ಟಿವಿಎಸ್ ಫಿಫ್ಟಿ ಬಿಟ್ಟು ಬೇರೇನೂ ಓಡಿಸದ ನಾನು, 411 ಸಿಸಿಯ ಟೂರಿಂಗ್ ಬೈಕಿನ ಕಾನೂನುಬದ್ಧ ಯಜಮಾನನಾದೆ. ಹೆಂಡತಿ ಆರ್‌ಸಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೇನು, ಜಾಕೆಟ್ ಒಂದು ಹೊಲಿಸಿಬಿಡಿ" ಎಂದಳು.

*

ಗಾಡಿ ನಮ್ಮ ಮನೆಯ ಪಕ್ಕದ ಶೀಟಿನ ಕೆಳಗೆ ಟಾರ್ಪಾಲು ಹೊದ್ದು ನಿಂತಿತು. ನಿಂತ ಗಾಡಿಗೂ ಕೆಲಸವಿದೆ ಎಂದು ನನಗೆ ಗೊತ್ತಿರಲಿಲ್ಲ. ಇದಕ್ಕೆ ಕಿಕ್ಕರ್ ಇಲ್ಲ, ಬಟನ್ ಮಾತ್ರ. ಬ್ಯಾಟರಿ ಸತ್ತರೆ ಇನ್ನೂರು ಕೆಜಿಯನ್ನು ತಳ್ಳಬೇಕು. ಹುಡುಗ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಡಿ ಎಂದ. ಭಾಯ್ ಕೇಳಿ ತಲೆ ಕೊಡವಿದ. "ನಿಂತಲ್ಲೇ ಗುರ್ ಅನ್ನಿಸಿದ್ರೆ ಬ್ಯಾಟರಿ ತುಂಬಲ್ಲ ಸಾರ್. ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತೆ. ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ."

ನನಗೆ ಓಡಿಸಲು ಬಾರದು. ಗೋಡೆಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು.

"ಕಟ್ಟಿದ ಎತ್ತು ಕಾಲು ಹಿಡೀತದೆ ಮೇಷ್ಟ್ರೇ."

ಜಾವಾ ಓಡಿಸಿದ ಕಾಲು. ಲೈಸೆನ್ಸು ಚಾಲ್ತಿಯಲ್ಲಿದೆ. ಗಾಡಿಯ ಇನ್ಶೂರೆನ್ಸೂ ನನ್ನ ಹೆಸರಿಗೆ ಬಂದಿತ್ತು. ಎರಡು ಹೆಲ್ಮೆಟ್ ತಂದೆವು. ಯಜಮಾನರು ಮೊದಲ ದಿನ ಜೋಡಿ ರಸ್ತೆಯಲ್ಲಿ ಎರಡು ಸುತ್ತು ಹಾಕಿದರು, ಬೆಳಗಿನ ಐದಕ್ಕೆ, ಊರು ಏಳುವ ಮುಂಚೆ. ನಾನು ಹಿಂದೆ. ಲಗೇಜು ಕಟ್ಟುವ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಮುಂದಿನ ವಾರ ಕೈವಾರದ ತಾತಯ್ಯನವರ ಮಠಕ್ಕೆ. ಬ್ಯಾಟರಿಗೋಸ್ಕರ. ಅದರ ಮುಂದಿನ ವಾರ ಕೈಲಾಸಗಿರಿಯ ಗುಹೆಗಳಿಗೆ. ಅದೂ ಬ್ಯಾಟರಿಗೋಸ್ಕರ. ಆಮೇಲೆ ಆಲಂಬಗಿರಿ, ಮುರುಗಮಲ್ಲದ ದರ್ಗಾ. ಒಂದು ದಿನ ಮದನಪಲ್ಲಿ ದಾಟಿ ಹಾರ್ಸ್ಲಿ ಹಿಲ್ಸ್‌ವರೆಗೂ ಹೋಗಿ ಚಳಿಯಲ್ಲಿ ಚಹಾ ಕುಡಿದು ಬಂದೆವು. ಅವತ್ತು ಬ್ಯಾಟರಿಯ ಹೆಸರು ಇಬ್ಬರೂ ಎತ್ತಲಿಲ್ಲ.

ಬಂದಮೇಲೆ ಯಜಮಾನರು ಗಾಡಿಗೆ ನೀರು ಹಾಕಿ ಒರೆಸುತ್ತಾರೆ. ಎತ್ತಿಗೆ ಕೊಂಬೆಣ್ಣೆ ಹಚ್ಚುವವರ ಹಾಗೆ ಚೈನಿಗೆ ಎಣ್ಣೆ ಹಾಕುತ್ತಾರೆ. ಆಯುಧಪೂಜೆಗೆ ಕುಂಬಳಕಾಯಿ ಆಯಿತು, ಅದು ಎಲ್ಲರೂ ಮಾಡುವುದೇ. ಅವರ ಕಣ್ಣಿರುವುದು ಸಂಕ್ರಾಂತಿಯ ಮೇಲೆ. ಹ್ಯಾಂಡಲ್ಲಿಗೆ ಬಲೂನು, ಗೆಜ್ಜೆ ಕಟ್ಟುವುದು ಸರಿ, ಕಿಚ್ಚು ಮಾತ್ರ ಬೇಡ, ಪೆಟ್ರೋಲಿದೆ ಎಂದು ನಾನು ಬೇಡಿಕೊಂಡಿದ್ದೇನೆ.

ಮೊನ್ನೆ ರಾತ್ರಿ ಒಂದೂವರೆಗೆ ಮತ್ತೆ ಫೋನು.

"ಮಾವ, ಸರ್ವಿಸ್ ಯಾವಾಗ ಅಂತ ನೋಡಬೇಕು. ಮೀಟರಿಂದು ಒಂದು ಫೋಟೋ ಕಳಿಸಿ."

ಕಳಿಸಲಿಲ್ಲ. ಟಾರ್ಚು ಹಿಡಿದು ಹೋಗಿ ನೋಡಿದೆ. 31,852. ಕೊಂಡ ದಿನದ ಅಂಕಿಯನ್ನು ಹುಡುಗ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾನೆ. ವಾರಕ್ಕೆ ಹತ್ತು ನಿಮಿಷ ನಿಂತಲ್ಲೇ ನಿಂತ ಗಾಡಿ ಆರು ನೂರ ಹನ್ನೆರಡು ಕಿಲೋಮೀಟರ್ ಹೇಗೆ ಹೋಯಿತು ಎಂದು ಕೇಳಿದರೆ ಮೇಷ್ಟ್ರಾದವನು ಏನು ಉತ್ತರ ಕೊಡಬೇಕು?

ಬೆಳಗ್ಗೆ ಗೋಡೆಯ ಬಳಿ ಬೇವಿನಕಡ್ಡಿ ಕಾಯುತ್ತಿತ್ತು. ದೀಪದ ಲೆಕ್ಕ ಆಗಲೇ ಸೇರಿತ್ತು. ವಿಷಯ ಹೇಳಿದೆ.

"ಅಯ್ಯೋ, ಅದಕ್ಕೇನು! ಆ ಹೊಸಕೋಟೆ ಅಂಗಡಿಯವನನ್ನೇ ಕೇಳೋಣ. ಎರಡು ನಿಮಿಷದಲ್ಲಿ ಮೀಟರು ತಿರುಗಿಸಿ ಕೊಡ್ತಾನೆ," ಎಂದು ಯಜಮಾನರು ನಕ್ಕರು.

"ಯಜಮಾನರೇ, ನಿಮ್ಮಪ್ಪನ ರೂಲು?"

ನಗು ನಿಂತಿತು. ಬೇವಿನಕಡ್ಡಿ ಬಾಯಿಂದ ಹೊರಗೆ ಬಂತು. ಅವರು ಟಾರ್ಪಾಲಿನ ಕಡೆ ಸ್ವಲ್ಪ ಹೊತ್ತು ನೋಡಿದರು.

"ಹೇಳಬೇಕು. ಹಗ್ಗ ಕೊಡೋ ಮುಂಚೆ ಸುಳಿ ಹೇಳಲೇಬೇಕು. ಇಬ್ಬರು ಮುದುಕರು ಓಡಿಸಿದ್ದು ಅಂತ ಹೇಳಿಬಿಡಿ. ಡಾಕ್ಟರ್ ಓಡಿಸಿದ್ದು ಅನ್ನೋದಕ್ಕಿಂತ ವಾಸಿ."

"ಇವತ್ತೇ ಹೇಳಲಾ?"

"ಹುಡುಗ ಬರೋದು ಯಾವಾಗ?"

"ಇನ್ನೂ ಆರು ವಾರ ಇದೆ."

ಯಜಮಾನರು ಲೆಕ್ಕ ಹಾಕಿದರು. ಮುಖ ಅರಳಿತು.

"ಅಂಗಾದ್ರೆ ಹಗ್ಗ ಕೊಡೋಕೆ ಇನ್ನೂ ಟೈಮ್ ಐತೆ. ಭಾನುವಾರ ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ಹತ್ರ ಎಡಕ್ಕೆ ತಿರುಗಿ, ಲೇಪಾಕ್ಷಿಗೆ ಓಗಿ ಬಂದುಬಿಡೋಣ. ಅಷ್ಟು ದೊಡ್ಡ ಬಸವಣ್ಣ ಅಲ್ಲಿ ಒಂದೇ ಕಲ್ಲಲ್ಲಿ ಕೂತವನೆ, ಇದುವರೆಗೂ ಯಾರೂ ಅವನ ಹಲ್ಲು ಎಣಿಸಿಲ್ಲ."